ಆ್ಯಪ್‌ಗಳ ಒತ್ತಾಯ ಮತ್ತು ವ್ಯಾಪಾರಿಯ ವಿಳಾಸ

ವ್ಯಾಪಾರಸ್ಥನಿಗೆ ಅಂಗಡಿಯ ವಿಳಾಸ ಎಷ್ಟು ಮುಖ್ಯವೆಂಬುದನ್ನು ಬಾಗಲಕೋಟೆಯ ವರ್ತಕ ಬಂಧುಗಳಿಗೆ ಯಾರೂ ವಿವರಿಸಬೇಕಾಗಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಹಳೆಯ ಪೇಟೆಯ ಓಣಿಗಳನ್ನು ಬಿಟ್ಟು ನವನಗರದ ಸೆಕ್ಟರುಗಳಿಗೆ ಬರಬೇಕಾದಾಗ, ತಲೆಮಾರುಗಳಿಂದ ಬರುತ್ತಿದ್ದ ಗಿರಾಕಿಗೂ ಹೊಸದಾಗಿ ದಾರಿ ಹೇಳಬೇಕಾಯಿತು. ಸರಕು ಅದೇ, ದರ ಅದೇ, ಗಲ್ಲೆಯ ಮೇಲೆ ಕುಳಿತವರೂ ಅವರೇ. ಆದರೂ ಗಿರಾಕಿಗೆ ಅಂಗಡಿ ಸಿಗದಿದ್ದರೆ ಇವೆಲ್ಲವುಗಳಿಂದ ಪ್ರಯೋಜನವಿಲ್ಲ.

ಈಗ ನಮ್ಮಲ್ಲಿ ಅನೇಕರಿಗೆ ಇನ್ನೊಂದು ವಿಳಾಸವಿದೆ. ಇಳಕಲ್ಲಿನ ಸೀರೆ ವ್ಯಾಪಾರಿಯ ವಿಸಿಟಿಂಗ್ ಕಾರ್ಡಿನಲ್ಲಿ ಅಂಗಡಿಯ ಹೆಸರಿನ ಕೆಳಗೆ ಇನ್‌ಸ್ಟಾಗ್ರಾಮ್ ಖಾತೆಯ ಹೆಸರಿರುತ್ತದೆ. ಬಾದಾಮಿಯ ವಸತಿಗೃಹದ ಫಲಕದ ಮೇಲೆ ಫೇಸ್‌ಬುಕ್ಕಿನ ಗುರುತಿರುತ್ತದೆ. ಹುನಗುಂದದ ಬೀಜ-ಗೊಬ್ಬರದ ಅಂಗಡಿಯವರು ವಾಟ್ಸ್‌ಆ್ಯಪ್ ಸಂಖ್ಯೆಯನ್ನೇ ವಿಳಾಸವೆಂದು ಕೊಡುತ್ತಾರೆ. ಈ ವಿಳಾಸಗಳು ನಮ್ಮ ಮೊಬೈಲಿನಲ್ಲಿ ಚೆನ್ನಾಗಿ ತೆರೆಯುತ್ತವೆ. ಗಿರಾಕಿಯ ಮೊಬೈಲಿನಲ್ಲಿ ತೆರೆಯುತ್ತವೆಯೇ ಎಂಬುದು ಈ ಲೇಖನದ ವಿಷಯವಾಗಿದೆ.

ಇಳಕಲ್ಲಿನ ಪರಿಚಿತ ವ್ಯಾಪಾರಿಯೊಬ್ಬರು ಹೇಳಿದ ಸಂಗತಿಯನ್ನು ಇಲ್ಲಿ ನಮೂದಿಸುವುದು ಉಚಿತವಾದೀತು. ಪುಣೆಯ ಚಿಲ್ಲರೆ ವರ್ತಕರೊಬ್ಬರು ಸೀರೆಗಳ ನಮೂನೆ ಕೇಳಿದ್ದರಿಂದ ಇವರು ತಮ್ಮ ಸಾಮಾಜಿಕ ಜಾಲತಾಣದ ಪುಟದ ಕೊಂಡಿಯನ್ನು ಎಸ್ಎಂಎಸ್ ಮೂಲಕ ಕಳುಹಿಸಿದರು. ಪುಣೆಯವರು ಅದನ್ನು ಒತ್ತಿದಾಗ ಎರಡು-ಮೂರು ಚಿತ್ರಗಳು ಕಂಡವು. ಬೆರಳನ್ನು ಇನ್ನಷ್ಟು ಕೆಳಗೆ ಸರಿಸಿದಾಗ, ‘ಮುಂದೆ ನೋಡಬೇಕಾದರೆ ಲಾಗಿನ್ ಆಗಿ ಅಥವಾ ಆ್ಯಪ್‌ನಲ್ಲಿ ತೆರೆಯಿರಿ’ ಎಂಬ ಪರದೆ ಅಡ್ಡ ಬಂದಿತು. ಅವರಿಗೆ ಆ ಜಾಲತಾಣದಲ್ಲಿ ಖಾತೆಯೂ ಇರಲಿಲ್ಲ, ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಬೇರೆ ಅಂಗಡಿಗೆ ಫೋನ್ ಮಾಡಿ ಮಾಲು ತರಿಸಿಕೊಂಡರು. ನಮ್ಮವರಿಗೆ ಇದು ತಿಳಿದದ್ದು ನಾಲ್ಕು ತಿಂಗಳ ಬಳಿಕ, ಬೇರೊಂದು ಸಂದರ್ಭದಲ್ಲಿ ಮಾತಿಗೆ ಮಾತು ಬಂದಾಗ. ಇದು ಜಾಲತಾಣ ಕೆಟ್ಟದ್ದರಿಂದ ಆದ ತೊಂದರೆಯಲ್ಲ. ಆ ಪರದೆಯನ್ನು ಉದ್ದೇಶಪೂರ್ವಕವಾಗಿಯೇ ಅಲ್ಲಿ ಇರಿಸಲಾಗಿದೆ.

ಬ್ರೌಸರ್ ಮತ್ತು ಆ್ಯಪ್

ವಿಷಯವನ್ನು ಅರಿಯಲು ಒಂದು ಸಣ್ಣ ತಾಂತ್ರಿಕ ವ್ಯತ್ಯಾಸ ತಿಳಿದಿರಬೇಕು. ಮೊಬೈಲಿನಲ್ಲಿ ಅಂತರಜಾಲವನ್ನು ನೋಡಲು ಎರಡು ಮಾರ್ಗಗಳಿವೆ. ಮೊದಲನೆಯದು ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮುಂತಾದ ಬ್ರೌಸರುಗಳು. ಇವು ಯಾವುದೇ ಒಂದು ಕಂಪನಿಯ ಪುಟಕ್ಕೆ ಮೀಸಲಾದವುಗಳಲ್ಲ. ವಿಳಾಸ ಬರೆದರೆ ಯಾರ ಪುಟವನ್ನಾದರೂ ತೆರೆದು ತೋರಿಸುತ್ತವೆ. ಹೀಗಾಗಲು ಕಾರಣವೆಂದರೆ, ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಸಂಸ್ಥೆಯು 1993ರ ಏಪ್ರಿಲ್ 30ರಂದು ವರ್ಲ್ಡ್ ವೈಡ್ ವೆಬ್‌ನ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಸಾರ್ವಜನಿಕರ ಬಳಕೆಗೆ ಬಿಟ್ಟುಕೊಟ್ಟಿತು. ಅಂದಿನಿಂದ ವೆಬ್ ಸಾರ್ವಜನಿಕ ರಸ್ತೆಯಿದ್ದಂತೆ.

ಎರಡನೆಯದು ಆ್ಯಪ್. ಆ್ಯಪಲ್ ಕಂಪನಿಯ ಆ್ಯಪ್ ಸ್ಟೋರ್ ಮತ್ತು ಇಂದು ಪ್ಲೇ ಸ್ಟೋರ್ ಎನಿಸಿಕೊಂಡಿರುವ ಗೂಗಲ್‌ನ ಮಳಿಗೆ, ಇವೆರಡೂ 2008ರಲ್ಲಿ ಆರಂಭವಾದವು. ಆ್ಯಪ್ ಎಂಬುದು ಒಂದೇ ಕಂಪನಿಗೆ ಸೇರಿದ ತಂತ್ರಾಂಶ. ಅದನ್ನು ಗಿರಾಕಿಯು ತನ್ನ ಮೊಬೈಲಿಗೆ ಇಳಿಸಿಕೊಳ್ಳಬೇಕು, ಜಾಗ ಕೊಡಬೇಕು, ಬಹುಪಾಲು ಸಂದರ್ಭಗಳಲ್ಲಿ ದೂರವಾಣಿ ಸಂಖ್ಯೆ ಕೊಟ್ಟು ಖಾತೆ ತೆರೆಯಬೇಕು. ಒಳಗೆ ಹೋದ ಮೇಲೆ ಏನು ಕಾಣಿಸಬೇಕು, ಯಾವ ಕ್ರಮದಲ್ಲಿ ಕಾಣಿಸಬೇಕು, ಯಾವ ಜಾಹೀರಾತು ನಡುವೆ ಬರಬೇಕು ಎಂಬುದೆಲ್ಲವೂ ಆ ಕಂಪನಿಯ ನಿರ್ಣಯಕ್ಕೆ ಸೇರಿದ್ದು.

ಆ್ಯಪ್‌ನಿಂದ ಅನುಕೂಲವಿಲ್ಲವೆಂದು ಹೇಳುತ್ತಿಲ್ಲ. ಅದು ಬೇಗ ತೆರೆಯುತ್ತದೆ, ಕ್ಯಾಮೆರಾದೊಡನೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಸಂದೇಶ ಬಂದೊಡನೆ ಸದ್ದು ಮಾಡಿ ತಿಳಿಸುತ್ತದೆ. ದಿನಕ್ಕೆ ಹತ್ತು ಸಲ ಬಳಸುವವನಿಗೆ ಅದೇ ಸರಿ. ಆದರೆ ವರ್ಷಕ್ಕೆ ಒಂದು ಸೀರೆ ಕೊಳ್ಳುವ ಗಿರಾಕಿ ದಿನಕ್ಕೆ ಹತ್ತು ಸಲ ನಮ್ಮ ಪುಟ ನೋಡುವವನಲ್ಲ.

ಬಾಗಿಲನ್ನು ಹೇಗೆ ಮುಚ್ಚಲಾಗುತ್ತದೆ

ದೊಡ್ಡ ಜಾಲತಾಣಗಳು ಬ್ರೌಸರ್ ಬಾಗಿಲನ್ನು ಒಮ್ಮೆಲೇ ಮುಚ್ಚುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಕಿರಿದು ಮಾಡುತ್ತವೆ. ಫೇಸ್‌ಬುಕ್ 2014ರಲ್ಲಿ ತನ್ನ ಮುಖ್ಯ ಆ್ಯಪ್‌ನಿಂದ ಸಂದೇಶ ಸೌಲಭ್ಯವನ್ನು ತೆಗೆದು ಮೆಸೆಂಜರ್ ಎಂಬ ಪ್ರತ್ಯೇಕ ಆ್ಯಪ್‌ಗೆ ಸಾಗಿಸಿತು. ಅದು ಬೇಡವೆಂದವರು ಮೊಬೈಲ್ ಬ್ರೌಸರಿನಲ್ಲಿ ಸಂದೇಶ ಓದುತ್ತಿದ್ದರು. 2016ರಲ್ಲಿ ಆ ದಾರಿಗೂ ತಡೆ ಹಾಕಿ, ನಿಮ್ಮ ಸಂಭಾಷಣೆಗಳು ಮೆಸೆಂಜರ್‌ಗೆ ಸ್ಥಳಾಂತರಗೊಳ್ಳುತ್ತಿವೆ ಎಂದು ತಿಳಿಸಲಾಯಿತು. ಸ್ಥಳಾಂತರವೆಂಬ ಪದ ಕೇಳಿದೊಡನೆ ನಮ್ಮ ಊರಿನವರಿಗೆ ಬೇರೆಯದೇ ನೆನಪಾಗುತ್ತದೆ. ಆದರೆ ಇಲ್ಲಿ ನೋಟಿಸೂ ಇಲ್ಲ, ಪರಿಹಾರವೂ ಇಲ್ಲ.

ಇನ್‌ಸ್ಟಾಗ್ರಾಮ್‌ನ ನಡೆ ಇನ್ನೂ ಸ್ಪಷ್ಟ. 2010ರ ಅಕ್ಟೋಬರಿನಲ್ಲಿ ಆರಂಭವಾದ ಅದು ಹುಟ್ಟಿನಿಂದಲೇ ಆ್ಯಪ್. ಮೊಬೈಲ್ ಬ್ರೌಸರಿನಿಂದ ಚಿತ್ರ ಹಾಕಲು ಅವಕಾಶ ಕೊಟ್ಟದ್ದು 2017ರಲ್ಲಿ. ಕಂಪ್ಯೂಟರಿನ ಬ್ರೌಸರಿನಿಂದ ಚಿತ್ರ ಹಾಕಲು 2021ರ ಅಕ್ಟೋಬರಿನವರೆಗೆ, ಅಂದರೆ ಹನ್ನೊಂದು ವರ್ಷ ಕಾಯಬೇಕಾಯಿತು. ಖಾತೆಯಿಲ್ಲದವನು ಪುಟ ನೋಡಲು ಹೋದರೆ ಕೆಲವೇ ಚಿತ್ರಗಳ ನಂತರ ಲಾಗಿನ್ ಪರದೆ ಎದುರಾಗುತ್ತದೆ.

ಟ್ವಿಟರ್‌ನ ಉದಾಹರಣೆ ಬೇರೆ ಕಾರಣಕ್ಕೆ ಗಮನಾರ್ಹ. ಆ ಕಂಪನಿಯೇ 2017ರ ಏಪ್ರಿಲ್‌ನಲ್ಲಿ ‘ಟ್ವಿಟರ್ ಲೈಟ್’ ಎಂಬ ಹಗುರವಾದ ಮೊಬೈಲ್ ವೆಬ್ ಆವೃತ್ತಿಯನ್ನು ಹೊರತಂದಿತು. ನಿಧಾನದ ಸಂಪರ್ಕವಿರುವ, ಕಡಿಮೆ ಬೆಲೆಯ ಮೊಬೈಲಿರುವ ಭಾರತದಂಥ ದೇಶಗಳೇ ಅದರ ಗುರಿಯಾಗಿದ್ದವು. ಒಂದು ಎಂಬಿಗಿಂತ ಕಡಿಮೆ ಜಾಗ ಸಾಕಾಗುತ್ತಿತ್ತು. ಆರು ವರ್ಷಗಳ ಬಳಿಕ, ಮಾಲೀಕತ್ವ ಬದಲಾದ ಮೇಲೆ, 2023ರ ಜೂನ್ 30ರಂದು ಖಾತೆಯಿಲ್ಲದವರಿಗೆ ಯಾವ ಬರಹವೂ ಕಾಣದಂತೆ ಮಾಡಲಾಯಿತು. ನಂತರ ಈ ನಿರ್ಬಂಧ ಅಲ್ಪಸ್ವಲ್ಪ ಸಡಿಲವಾಯಿತಾದರೂ ಮೊದಲಿನ ಮುಕ್ತತೆ ಮರಳಲಿಲ್ಲ. ತಾಂತ್ರಿಕವಾಗಿ ಸಾಧ್ಯವಿದೆಯೆಂದು ತಾನೇ ತೋರಿಸಿಕೊಟ್ಟದ್ದನ್ನು ಅದೇ ಜಾಲತಾಣ ಹಿಂತೆಗೆದುಕೊಂಡಿತು. ಆದುದರಿಂದ ಇದು ತಾಂತ್ರಿಕ ಅಡಚಣೆಯ ಪ್ರಶ್ನೆಯಲ್ಲ, ವ್ಯಾಪಾರ ನೀತಿಯ ಪ್ರಶ್ನೆ.

ಬೆಂಗಳೂರಿನಲ್ಲಿ ನಡೆದ ಒಂದು ಪ್ರಯೋಗ

ಬ್ರೌಸರ್ ಬಾಗಿಲನ್ನು ಪೂರ್ತಿಯಾಗಿ ಮುಚ್ಚಿದರೆ ವ್ಯಾಪಾರಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ನಮ್ಮ ರಾಜಧಾನಿಯಲ್ಲಿಯೇ, ಅದೂ ಬಟ್ಟೆ ವ್ಯಾಪಾರದಲ್ಲಿಯೇ ಇದರ ಪ್ರಯೋಗ ನಡೆದಿದೆ.

ಮಿಂತ್ರಾ ಕಂಪನಿಯು 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮೊದಲು ಹೆಸರು ಮುದ್ರಿಸಿದ ಉಡುಗೊರೆ ವಸ್ತುಗಳನ್ನು ಮಾರುತ್ತಿತ್ತು, ಬಳಿಕ ಸಿದ್ಧ ಉಡುಪಿನ ವ್ಯಾಪಾರಕ್ಕೆ ತಿರುಗಿತು. 2014ರಲ್ಲಿ, ಅದೇ ಊರಿನ ಫ್ಲಿಪ್‌ಕಾರ್ಟ್ ಅದನ್ನು ಕೊಂಡುಕೊಂಡಿತು. 2015ರ ಮಾರ್ಚಿನಲ್ಲಿ ಎರಡೂ ಕಂಪನಿಗಳು ತಮ್ಮ ಮೊಬೈಲ್ ವೆಬ್ ಪುಟಗಳನ್ನು ಮುಚ್ಚಿ, ಬ್ರೌಸರಿನಲ್ಲಿ ಬಂದ ಗಿರಾಕಿಯನ್ನು ಆ್ಯಪ್ ಇಳಿಸಿಕೊಳ್ಳುವಂತೆ ಅಟ್ಟಲಾರಂಭಿಸಿದವು. ಅಷ್ಟಕ್ಕೇ ನಿಲ್ಲದೆ, 2015ರ ಮೇ 15ರಂದು ಮಿಂತ್ರಾ ತನ್ನ ಕಂಪ್ಯೂಟರ್ ಜಾಲತಾಣವನ್ನೂ ಮುಚ್ಚಿತು. ಅಂದಿನಿಂದ ಮಿಂತ್ರಾದಲ್ಲಿ ಕೊಳ್ಳಬೇಕೆಂದರೆ ಆ್ಯಪ್ ಒಂದೇ ದಾರಿ.

ಈ ನಿರ್ಧಾರದ ಹಿಂದೆ ಲೆಕ್ಕಾಚಾರವಿಲ್ಲದಿರಲಿಲ್ಲ. ಕಂಪನಿಯು ಆಗ ಹೇಳಿಕೊಂಡಂತೆ ಬರುವ ಗಿರಾಕಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಮೊಬೈಲ್ ಮೂಲಕ ಬರುತ್ತಿದ್ದರು; ಮಾರಾಟದಲ್ಲಿ ಸುಮಾರು 70 ಭಾಗ ಮೊಬೈಲಿನಿಂದಲೇ ಆಗುತ್ತಿತ್ತು. ಇನ್ನು ಉಳಿದ 30 ಭಾಗವೂ ಇಂದಲ್ಲ ನಾಳೆ ಆ್ಯಪ್‌ಗೆ ಬಂದೇ ಬರುತ್ತದೆ ಎಂಬ ನಂಬಿಕೆ ಇತ್ತು. ಅಂಗಡಿಗೆ ಎರಡು ಬಾಗಿಲಿದ್ದು ಹೆಚ್ಚಿನವರು ಮುಂಬಾಗಿಲಿನಿಂದಲೇ ಬರುತ್ತಾರೆಂದು ಪಕ್ಕದ ಬಾಗಿಲಿಗೆ ಬೀಗ ಹಾಕಿದಂತೆ. ಆದರೆ ಪಕ್ಕದ ಬಾಗಿಲಿನಿಂದ ಬರುವವರು ಯಾರು, ಏನನ್ನು ಕೊಳ್ಳಲು ಬರುತ್ತಾರೆ ಎಂಬುದನ್ನು ಸರಾಸರಿ ಅಂಕಿ ಹೇಳುವುದಿಲ್ಲ.

ಮುಂದೆ ನಡೆದದ್ದು ಇಷ್ಟು. ತಾನೂ ಆ್ಯಪ್‌ಗೆ ಮಾತ್ರ ಸೀಮಿತವಾಗಬೇಕೆಂದಿದ್ದ ಫ್ಲಿಪ್‌ಕಾರ್ಟ್ ಆ ಯೋಚನೆಯನ್ನು ಕೈಬಿಟ್ಟು, 2015ರ ನವೆಂಬರಿನಲ್ಲಿ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ಹೊಸ ಬಗೆಯ ಮೊಬೈಲ್ ವೆಬ್ ಪುಟವನ್ನು ತೆರೆಯಿತು. ಇದು ಬ್ರೌಸರಿನಲ್ಲಿಯೇ ತೆರೆದರೂ ಆ್ಯಪ್‌ನಂತೆ ಬೇಗ ಕೆಲಸ ಮಾಡುತ್ತಿತ್ತು. ಈ ಬಗ್ಗೆ ಗೂಗಲ್ ಪ್ರಕಟಿಸಿದ ವಿವರದ ಪ್ರಕಾರ, ಇದನ್ನು ಬಳಸಿದವರಲ್ಲಿ ನೂರಕ್ಕೆ 63 ಮಂದಿ 2ಜಿ ಸಂಪರ್ಕದಿಂದ ಬಂದವರಾಗಿದ್ದರು. ಮಿಂತ್ರಾ 2016ರ ಆರಂಭದಲ್ಲಿ ಮೊಬೈಲ್ ವೆಬ್ ಪುಟವನ್ನು ಮರಳಿ ತೆರೆಯಿತು. 2016ರ ಜೂನ್ 1ರಂದು ಕಂಪ್ಯೂಟರ್ ಜಾಲತಾಣವನ್ನೂ ತೆರೆಯಿತು. ಗಿರಾಕಿಗಳು, ಅದರಲ್ಲಿಯೂ ಮಹಿಳೆಯರು, ಒಂದಕ್ಕಿಂತ ಹೆಚ್ಚು ಮಾರ್ಗಗಳನ್ನು ಬಯಸುತ್ತಿದ್ದಾರೆ ಎಂಬುದು ಕಂಪನಿ ಕೊಟ್ಟ ಕಾರಣ. ಮುಚ್ಚಿ ಒಂದು ವರ್ಷವೂ ಹದಿನೇಳು ದಿನಗಳೂ ಆಗಿದ್ದವು.

ಸೀರೆ ಮಾರುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ದಡಿಯ ನೇಯ್ಗೆಯನ್ನೂ ಸೆರಗಿನ ತೆನೆಯನ್ನೂ ದೊಡ್ಡದಾಗಿ ನೋಡಬೇಕು, ಮನೆಯಲ್ಲಿ ಇನ್ನಿಬ್ಬರಿಗೆ ತೋರಿಸಬೇಕು, ಇನ್ನೊಂದು ಅಂಗಡಿಯ ದರದೊಂದಿಗೆ ಹೋಲಿಸಬೇಕು, ಆಮೇಲೆ ಕೊಳ್ಳಬೇಕು; ಹೆಂಗಸರು ಸೀರೆ ಕೊಳ್ಳುವ ರೀತಿಯೇ ಇದು. ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿ ಹಾಸುವ ನಮಗೆ ಇದು ಹೊಸದಲ್ಲ.

ಮತ್ತೊಂದು ಲೆಕ್ಕ

ಇದೇ ಸಮಯದಲ್ಲಿ ಗೂಗಲ್ ಕಂಪನಿ ತನ್ನದೇ ಸಾಮಾಜಿಕ ಜಾಲತಾಣವಾಗಿದ್ದ ಗೂಗಲ್ ಪ್ಲಸ್‌ನಲ್ಲಿ ಒಂದು ಪರೀಕ್ಷೆ ಮಾಡಿ, 2015ರ ಜುಲೈನಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಮೊಬೈಲ್ ಬ್ರೌಸರಿನಲ್ಲಿ ಬಂದವರಿಗೆ ಪೂರ್ತಿ ಪರದೆಯನ್ನು ಮುಚ್ಚಿ ‘ಆ್ಯಪ್ ಪಡೆಯಿರಿ’ ಎಂಬ ಫಲಕ ತೋರಿಸಿದಾಗ, ನೂರರಲ್ಲಿ 9 ಭೇಟಿಗಳಲ್ಲಿ ಮಾತ್ರ ಆ ಗುಂಡಿಯನ್ನು ಒತ್ತಲಾಗಿತ್ತು. 69 ಭೇಟಿಗಳಲ್ಲಿ ಬಂದವರು ಪುಟವನ್ನೇ ಬಿಟ್ಟು ಹೋಗಿದ್ದರು. ಆ ಫಲಕವನ್ನು ತೆಗೆದು ಸಣ್ಣದೊಂದು ಪಟ್ಟಿಯನ್ನು ಇರಿಸಿದಾಗ ಮೊಬೈಲ್ ವೆಬ್ ಬಳಸುವವರು ನೂರಕ್ಕೆ 17ರಷ್ಟು ಹೆಚ್ಚಾದರು. ಆ್ಯಪ್ ಇಳಿಸಿಕೊಳ್ಳುವವರು, ಐಫೋನಿನ ಲೆಕ್ಕದಲ್ಲಿ, ಕಡಿಮೆಯಾದದ್ದು ಕೇವಲ 2ರಷ್ಟು.

ಈ ಅಂಕಿಗಳು ಒಂದು ಜಾಲತಾಣದ್ದು, ಹತ್ತು ವರ್ಷ ಹಿಂದಿನದು. ಇಂದಿಗೂ ಎಲ್ಲೆಡೆಯೂ ಅಷ್ಟೇ ಇರುತ್ತದೆಂದು ಹೇಳಲಾಗದು. ಆದರೆ ನಮ್ಮ ಅಂಗಡಿಯ ಕೊಂಡಿಯನ್ನು ಒತ್ತಿದ ನೂರು ಮಂದಿಯಲ್ಲಿ ಅರ್ಧದಷ್ಟು ಜನ ಹೊಸ್ತಿಲಿನಿಂದಲೇ ಹಿಂದಿರುಗಿದರೂ ಅದೆಷ್ಟು ನಷ್ಟವೆಂಬುದನ್ನು ವರ್ತಕನಾದವನು ಊಹಿಸಿಕೊಳ್ಳಬಲ್ಲ.

ಹಾಗಾದರೆ ಅವರು ಏಕೆ ಒತ್ತಾಯಿಸುತ್ತಾರೆ

ಗಿರಾಕಿ ಹಿಂದಿರುಗಿ ಹೋಗುತ್ತಾನೆಂದು ತಿಳಿದೂ ಜಾಲತಾಣಗಳು ಆ್ಯಪ್‌ಗೆ ಒತ್ತಾಯಿಸಲು ಕಾರಣಗಳಿವೆ. ಬ್ರೌಸರಿನಲ್ಲಿ ನೋಡಿಹೋದವನು ಮತ್ತೆ ಬರುವನೆಂಬ ಭರವಸೆಯಿಲ್ಲ; ಆ್ಯಪ್ ಇಳಿಸಿಕೊಂಡವನ ಮೊಬೈಲಿನ ಮೇಲೆ ಕಂಪನಿಯ ಗುರುತು ಸದಾ ಕಣ್ಣಿಗೆ ಬೀಳುತ್ತಿರುತ್ತದೆ, ಅಧಿಸೂಚನೆ ಕಳುಹಿಸಿ ಕರೆಯಬಹುದು. ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಸಾಧನಗಳಿವೆ. ಆ್ಯಪ್‌ನಲ್ಲಿ ಅವು ಅಷ್ಟಾಗಿ ನಡೆಯುವುದಿಲ್ಲ. ಗಿರಾಕಿ ಒಪ್ಪಿಗೆ ಕೊಟ್ಟರೆ ಆತನ ಮೊಬೈಲಿನಲ್ಲಿರುವ ಸಂಪರ್ಕ ಸಂಖ್ಯೆಗಳು, ಆತ ಇರುವ ಸ್ಥಳ ಮುಂತಾದ ಮಾಹಿತಿಯೂ ಆ್ಯಪ್‌ಗೆ ದೊರಕುತ್ತದೆ. ಹೆಚ್ಚಿನವರು ಓದದೆಯೇ ಒಪ್ಪಿಗೆ ಕೊಡುತ್ತಾರೆ. ಯಾರು, ಯಾವಾಗ, ಏನನ್ನು, ಎಷ್ಟು ಹೊತ್ತು ನೋಡಿದರು ಎಂಬ ಲೆಕ್ಕವೇ ಈ ಕಂಪನಿಗಳ ಸರಕು. ಆ ಲೆಕ್ಕದ ಆಧಾರದ ಮೇಲೆ ಅವು ಜಾಹೀರಾತು ಮಾರುತ್ತವೆ. ಆ ಜಾಹೀರಾತನ್ನು ಕೊಳ್ಳುವವರಲ್ಲಿ ನಾವೂ ಇದ್ದೇವೆ.

ಇಲ್ಲಿ ಮಿಂತ್ರಾಕ್ಕೂ ಸಾಮಾಜಿಕ ಜಾಲತಾಣಕ್ಕೂ ಇರುವ ವ್ಯತ್ಯಾಸವನ್ನು ವರ್ತಕ ಮಿತ್ರರು ವಿಶೇಷವಾಗಿ ಗಮನಿಸಬೇಕು. ಮಿಂತ್ರಾ ಬಾಗಿಲು ಮುಚ್ಚಿದಾಗ ಹಿಂದಿರುಗಿ ಹೋದ ಗಿರಾಕಿ ಮಿಂತ್ರಾದ ಗಿರಾಕಿ. ನಷ್ಟ ಅದರದೇ ಗಲ್ಲಾಪೆಟ್ಟಿಗೆಯಲ್ಲಿ ಕಂಡುಬಂದಿತು. ಹಾಗಾಗಿ ವರ್ಷದೊಳಗೆ ಅದು ತನ್ನನ್ನು ತಿದ್ದಿಕೊಳ್ಳಲಾರಂಭಿಸಿತು. ಸಾಮಾಜಿಕ ಜಾಲತಾಣ ಬಾಗಿಲು ಮುಚ್ಚಿದಾಗ ಹಿಂದಿರುಗಿ ಹೋಗುವವನು ಇಳಕಲ್ಲಿನ ಸೀರೆ ಅಂಗಡಿಯ ಗಿರಾಕಿ, ಗುಳೇದಗುಡ್ಡದ ಖಣದ ಗಿರಾಕಿ. ನೂರು ಜನರಲ್ಲಿ ಹತ್ತು ಜನ ಆ್ಯಪ್ ಇಳಿಸಿಕೊಂಡರೆ ಜಾಲತಾಣಕ್ಕೆ ಹತ್ತರ ಲಾಭ. ಹೋದವರ ನಷ್ಟವೆಲ್ಲ ನಮ್ಮ ಪಾಲಿಗೆ. ಅದೂ ಲೆಕ್ಕಪುಸ್ತಕದಲ್ಲಿ ಕಾಣದ ನಷ್ಟ. ಉದ್ರಿ ಕೊಟ್ಟದ್ದು ಬಾರದಿದ್ದರೆ ಖಾತೆಯಲ್ಲಿ ಹೆಸರಾದರೂ ಇರುತ್ತದೆ. ಹೊಸ್ತಿಲಿನಿಂದ ತಿರುಗಿ ಹೋದವನ ಹೆಸರು ಎಲ್ಲಿಯೂ ಇರುವುದಿಲ್ಲ. ಹೀಗಿರುವಾಗ ಜಾಲತಾಣ ತಾನಾಗಿಯೇ ಬಾಗಿಲು ತೆರೆದೀತೆಂದು ಕಾಯುವುದು ವ್ಯರ್ಥ.

ಕಾನೂನಿನ ಆಸರೆಯೂ ಇಲ್ಲಿ ಹೆಚ್ಚಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಫೆಬ್ರವರಿ 8ರಂದು ಹೊರಡಿಸಿದ ನಿಯಮಗಳಿಂದ ಫೇಸ್‌ಬುಕ್ಕಿನ ‘ಫ್ರೀ ಬೇಸಿಕ್ಸ್’ ಯೋಜನೆ ನಮ್ಮ ದೇಶದಲ್ಲಿ ನಿಂತುಹೋಯಿತೆಂಬುದು ಅನೇಕರಿಗೆ ನೆನಪಿರಬಹುದು. ಆದರೆ ಆ ನಿಯಮಗಳು ಅನ್ವಯವಾಗುವುದು ಸಂಪರ್ಕ ಒದಗಿಸುವ ಕಂಪನಿಗಳಿಗೆ. ರಸ್ತೆಯಲ್ಲಿ ತಾರತಮ್ಯ ಮಾಡಬಾರದೆಂದು ಅವು ಹೇಳುತ್ತವೆ. ರಸ್ತೆಯ ಬದಿಯ ಕಟ್ಟಡದ ಮಾಲೀಕ ತನ್ನ ಬಾಗಿಲನ್ನು ಯಾರಿಗೆ ತೆರೆಯಬೇಕೆಂದು ಹೇಳುವುದಿಲ್ಲ.

ನಮ್ಮ ಕಸುಬುಗಳಿಗೆ ಇದರ ಪರಿಣಾಮ

ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುವ ಪದ್ಧತಿ, ಸೆರಗಿನ ತೋಪು ತೆನೆ, ಗೋಮಿ, ಚಿಕ್ಕಿಪರಾಸ, ಗಾಯತ್ರಿ ಮುಂತಾದ ದಡಿಗಳು, ಇವೆಲ್ಲವೂ ವಿದ್ಯುತ್ ಮಗ್ಗದ ಅನುಕರಣೆಯಿಂದ ನಿಜವಾದ ಸೀರೆಯನ್ನು ಬೇರ್ಪಡಿಸಿ ತೋರಿಸುವ ಲಕ್ಷಣಗಳು. ಇವನ್ನು ಗಿರಾಕಿಗೆ ವಿವರಿಸಲು ಬರಹ ಬೇಕು, ಹತ್ತಿರದಿಂದ ತೆಗೆದ ಚಿತ್ರ ಬೇಕು, ಸಾವಕಾಶವಾಗಿ ನೋಡುವ ವ್ಯವಧಾನ ಬೇಕು. ಹಾಡಿನ ಹಿನ್ನೆಲೆಯಲ್ಲಿ ಹದಿನೈದು ಸೆಕೆಂಡಿನಲ್ಲಿ ಮುಗಿಯುವ ರೀಲ್ಸ್‌ನಲ್ಲಿ ಕೈಮಗ್ಗದ ಸೀರೆಯೂ ನಕಲಿ ಸೀರೆಯೂ ಒಂದೇ ರೀತಿ ಹೊಳೆಯುತ್ತವೆ. ಅದನ್ನು ನೋಡಿದವನು ‘ಇಳಕಲ್ ಸೀರೆ ಗುರುತಿಸುವುದು ಹೇಗೆ’ ಎಂದು ಗೂಗಲ್‌ನಲ್ಲಿ ಹುಡುಕಿದಾಗ ಇಳಕಲ್ಲಿನ ವ್ಯಾಪಾರಿಯ ಪುಟ ಸಿಗುವುದಿಲ್ಲ. ಬೇರೆ ಊರಿನ ದೊಡ್ಡ ಮಾರಾಟಗಾರರ ಪುಟ ಸಿಗುತ್ತದೆ. ನಮ್ಮ ವ್ಯಾಪಾರಿ ತನಗೆ ಗೊತ್ತಿರುವುದನ್ನೆಲ್ಲ ಮುಚ್ಚಿದ ಬಾಗಿಲಿನ ಹಿಂದೆ ಇರಿಸಿರುವುದೇ ಇದಕ್ಕೆ ಕಾರಣ. 2025ರ ಜುಲೈನಿಂದ ಇನ್‌ಸ್ಟಾಗ್ರಾಮ್‌ನ ವೃತ್ತಿಪರ ಖಾತೆಗಳ ಸಾರ್ವಜನಿಕ ಚಿತ್ರಗಳು ಗೂಗಲ್ ಹುಡುಕಾಟದಲ್ಲಿ ಕಾಣಿಸಿಕೊಳ್ಳಲು ಅವಕಾಶ ಮಾಡಲಾಗಿದೆ. ಇದು ಉಪಯುಕ್ತವೇ, ಆದರೆ ಚಿತ್ರದ ಕೆಳಗೆ ಹೂವು, ಹೃದಯಗಳ ಗುರುತನ್ನಷ್ಟೇ ಹಾಕುವವರಿಗೆ ಇದರಿಂದ ಲಾಭವಾಗದು. ಸೀರೆಯ ಹೆಸರು, ನೂಲು, ದಡಿ, ಊರು ಇಷ್ಟನ್ನಾದರೂ ಅಕ್ಷರದಲ್ಲಿ ಬರೆಯಬೇಕು.

ಇಳಕಲ್ಲಿನ ಕೆಂಪು ಗ್ರಾನೈಟ್ ಮಾರುವವರ ಸ್ಥಿತಿ ಬೇರೆ. ಅವರ ಗಿರಾಕಿ ಕಟ್ಟಡ ನಿರ್ಮಾಣ ಸಂಸ್ಥೆ ಅಥವಾ ಹೊರನಾಡಿನ ಆಮದುದಾರ. ಆತ ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತು ಹಾಸುಗಲ್ಲಿನ ಅಳತೆ, ದಪ್ಪ, ಹೊಳಪಿನ ಬಗೆ ನೋಡುತ್ತಾನೆ. ಎಷ್ಟೋ ಕಚೇರಿಗಳಲ್ಲಿ ಸಾಮಾಜಿಕ ಜಾಲತಾಣಗಳನ್ನು ತೆರೆಯಲು ಅನುಮತಿಯೇ ಇರುವುದಿಲ್ಲ. ವಾಟ್ಸ್‌ಆ್ಯಪ್ ಕ್ಯಾಟಲಾಗಿನ ಸೌಲಭ್ಯ 2019ರಿಂದ ಇದ್ದು ಉಪಯುಕ್ತವಾಗಿದೆ. ಆದರೆ ಅದು ವಾಟ್ಸ್‌ಆ್ಯಪ್ ಬಳಸುವವನಿಗೆ ಮಾತ್ರ. ಗ್ರಾನೈಟ್ ವ್ಯಾಪಾರದಲ್ಲಿ ಒಂದು ವಿಚಾರಣೆ ತಪ್ಪಿದರೆ ಒಂದು ಲಾರಿಯ ಮಾಲು ತಪ್ಪಿದಂತೆ.

ಬಾದಾಮಿಯ ವಸತಿಗೃಹ, ಖಾನಾವಳಿ ಮತ್ತು ವಾಹನ ಮಾಲೀಕರ ವಿಷಯ ಇನ್ನಷ್ಟು ಸರಳ. ಗುಹಾಲಯಗಳನ್ನು, 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲನ್ನು, ಐಹೊಳೆಯನ್ನು ನೋಡಲು ಬರುವ ಪ್ರವಾಸಿ ಬಸ್ಸು ಇಳಿದು ಮೊಬೈಲ್ ತೆಗೆಯುತ್ತಾನೆ. ಆ ಗಳಿಗೆಯಲ್ಲಿ ಆತನಿಗೆ ಬೇಕಾದದ್ದು ಕೋಣೆಯ ಬಾಡಿಗೆ, ಊಟದ ವೇಳೆ ಮತ್ತು ಫೋನ್ ಸಂಖ್ಯೆ. ಖಾತೆ ತೆರೆಯಿರಿ ಎನ್ನುವ ಪುಟದೊಡನೆ ಆತ ಜಗಳವಾಡುವುದಿಲ್ಲ, ಮುಂದಿನ ಹೆಸರನ್ನು ಒತ್ತುತ್ತಾನೆ.

ಇನ್ನೊಂದು ಅಪಾಯವನ್ನೂ ಹೇಳಬೇಕು. 2020ರ ಜೂನ್ 29ರ ಸಂಜೆ ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ಮಾತ್ರ ಗಿರಾಕಿಗಳನ್ನು ಗಳಿಸಿಕೊಂಡಿದ್ದವರ ವಿಳಾಸ ಅಳಿಸಿಹೋಯಿತು. ನಿಷೇಧದ ಕಾರಣ ಬೇರೆ, ಅದರ ಔಚಿತ್ಯ ಇಲ್ಲಿನ ಚರ್ಚೆಯಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆಗಳ ಕಾಲ ಸ್ಥಗಿತಗೊಂಡವು. ಮೂರು ವಿಳಾಸಗಳಿವೆಯೆಂದು ಧೈರ್ಯದಿಂದಿದ್ದವರಿಗೆ ಮೂರಕ್ಕೂ ಮಾಲೀಕ ಒಬ್ಬನೇ ಎಂಬುದು ಅಂದು ತಿಳಿಯಿತು.

ಮಾಡಬೇಕಾದದ್ದು

ಸಾಮಾಜಿಕ ಜಾಲತಾಣಗಳನ್ನು ಬಿಟ್ಟುಬಿಡಿ ಎಂದು ಯಾರೂ ಹೇಳಲಾರರು, ಹೇಳಿದರೂ ಯಾರೂ ಕೇಳಲಾರರು. ಬನಶಂಕರಿ ಜಾತ್ರೆಯಲ್ಲಿ ಅಂಗಡಿ ಹಾಕುವವರು ಆ ತಿಂಗಳ ವ್ಯಾಪಾರಕ್ಕಾಗಿ ಪೇಟೆಯಲ್ಲಿರುವ ಅಂಗಡಿಯನ್ನು ಮಾರುವುದಿಲ್ಲ. ಜಾತ್ರೆಯಲ್ಲಿ ಜನ ಸಿಗುತ್ತಾರೆ. ಅವರ ಕೈಗೆ ಪೇಟೆಯ ಅಂಗಡಿಯ ಚೀಟಿ ಕೊಡುತ್ತಾರೆ. ಜಾಲತಾಣವನ್ನು ಬಳಸುವ ರೀತಿಯೂ ಇದೇ ಆಗಿರಬೇಕು.

ಮೊದಲಿಗೆ ಪರೀಕ್ಷೆ. ನಮ್ಮ ಮೊಬೈಲಿನಲ್ಲಿ ನಾವು ಈಗಾಗಲೇ ಲಾಗಿನ್ ಆಗಿರುವುದರಿಂದ ನಮಗೆ ಪರದೆ ಕಾಣುವುದೇ ಇಲ್ಲ. ಬ್ರೌಸರಿನಲ್ಲಿ ‘ಇನ್‌ಕಾಗ್ನಿಟೊ’ ಎಂಬ ಖಾಸಗಿ ಕಿಟಕಿಯನ್ನು ತೆರೆದು ಅದರಲ್ಲಿ ನಮ್ಮ ಪುಟದ ವಿಳಾಸವನ್ನು ಬರೆದು ನೋಡಬೇಕು; ಅಥವಾ ಆ ಆ್ಯಪ್ ಇಲ್ಲದ ಬಂಧುಗಳೊಬ್ಬರ ಮೊಬೈಲಿನಲ್ಲಿ ತೆರೆಯಬೇಕು. ಎಷ್ಟು ಚಿತ್ರ ಕಾಣುತ್ತದೆ, ಫೋನ್ ಸಂಖ್ಯೆ ಕಾಣುತ್ತದೆಯೇ, ಪರದೆ ಎಲ್ಲಿ ಬೀಳುತ್ತದೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಫೋನ್ ಸಂಖ್ಯೆಯನ್ನೂ ಊರನ್ನೂ ಪುಟದ ಮೇಲ್ಭಾಗದ ಪರಿಚಯದಲ್ಲಿ, ಪರದೆ ಬೀಳುವ ಮೊದಲೇ ಕಾಣುವಂತೆ ಬರೆದರೆ ಅರ್ಧ ಸಮಸ್ಯೆ ಪರಿಹಾರವಾದಂತೆ.

ಎರಡನೆಯದಾಗಿ, ಗೂಗಲ್ ನಕ್ಷೆಯಲ್ಲಿ ಅಂಗಡಿಯ ನೋಂದಣಿ. ಇದು ಉಚಿತ. ಖಾತೆಯಿಲ್ಲದವನಿಗೂ ಬ್ರೌಸರಿನಲ್ಲಿ ತೆರೆಯುತ್ತದೆ. ವೇಳೆ, ಸಂಖ್ಯೆ, ಚಿತ್ರಗಳನ್ನು ಹಾಕಬಹುದು. ಬಾದಾಮಿಯವರಿಗೆ ಇದೇ ಬಹುಮಟ್ಟಿಗೆ ಸಾಕು. ಆದರೆ ಇದೂ ಬಾಡಿಗೆಯ ಜಾಗವೇ. ಇದೇ ನೋಂದಣಿಯೊಂದಿಗೆ ಸಣ್ಣ ವ್ಯಾಪಾರಿಗಳಿಗೆ ಗೂಗಲ್ ಉಚಿತವಾಗಿ ಕಟ್ಟಿಕೊಡುತ್ತಿದ್ದ ವೆಬ್‌ಸೈಟುಗಳನ್ನು 2024ರ ಮಾರ್ಚಿನಲ್ಲಿ ಮುಚ್ಚಿಬಿಟ್ಟಿತು.

ಆದ್ದರಿಂದ ಮೂರನೆಯದು, ಸ್ವಂತ ಹೆಸರಿನ ವೆಬ್ ವಿಳಾಸ. ‘ಡಾಟ್ ಇನ್’ ಅಥವಾ ‘ಡಾಟ್ ಕಾಮ್’ ಹೆಸರಿಗೆ ವರ್ಷಕ್ಕೆ ತಗಲುವ ಶುಲ್ಕ ಒಂದು ಸಾಧಾರಣ ಸೀರೆಯ ಬೆಲೆಗಿಂತ ಹೆಚ್ಚಿರುವುದಿಲ್ಲ. ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಎಂದು ಕೊನೆಗೊಳ್ಳುವ ಹೆಸರುಗಳೂ ಲಭ್ಯವಿವೆ; ಆದರೆ ಪುಣೆ, ಸೊಲ್ಲಾಪುರದ ಗಿರಾಕಿಗಳಿರುವವರು ಕೇವಲ ಅದನ್ನೇ ನಂಬುವುದು ಸರಿಯಲ್ಲ. ಪುಟ ದೊಡ್ಡದಾಗಿರಬೇಕೆಂದಿಲ್ಲ. ಹದಿನೈದು-ಇಪ್ಪತ್ತು ಒಳ್ಳೆಯ ಚಿತ್ರಗಳು, ಪ್ರತಿ ಚಿತ್ರದ ಕೆಳಗೆ ವಿವರ ಮತ್ತು ದರ, ವಿಳಾಸ, ಸಂಖ್ಯೆ, ಜಿಎಸ್‌ಟಿ ನೋಂದಣಿಯ ವಿವರ. ಅಲ್ಲಿಯೇ ಹಣ ಪಾವತಿಯ ವ್ಯವಸ್ಥೆ ಬೇಕೆಂದೂ ಇಲ್ಲ. ಗಿರಾಕಿ ಫೋನ್ ಮಾಡಿದರೆ ಸಾಕು. ಚಿತ್ರಗಳ ಗಾತ್ರವನ್ನು ತಗ್ಗಿಸಿ ಹಾಕಬೇಕು. ಕ್ಯಾಮೆರಾದಿಂದ ಬಂದ ಚಿತ್ರವನ್ನು ಹಾಗೆಯೇ ಏರಿಸಿದರೆ ಪುಟ ತೆರೆಯುವುದರೊಳಗೆ ಗಿರಾಕಿಯ ತಾಳ್ಮೆ ಮುಗಿದಿರುತ್ತದೆ. ಸಾಮಾಜಿಕ ಜಾಲತಾಣದ ಪರಿಚಯದಲ್ಲಿ, ಚೀಲದ ಮೇಲೆ, ರಸೀದಿಯ ಮೇಲೆ ಈ ವಿಳಾಸವೇ ಇರಬೇಕು. ‘ಆ್ಯಪ್ ಪಡೆಯಿರಿ’ ಎಂಬ ಫಲಕವನ್ನು ನಾವೇ ನಮ್ಮ ಪುಟಕ್ಕೆ ಅಡ್ಡ ಹಾಕಿಕೊಳ್ಳಬಾರದು. ಸ್ವಂತ ಆ್ಯಪ್ ಮಾಡಿಕೊಡುತ್ತೇವೆಂದು ಬರುವವರು ಈಗ ನಮ್ಮ ಊರುಗಳಿಗೂ ಬರುತ್ತಿದ್ದಾರೆ. ಒಂದು ಸೀರೆ ಅಂಗಡಿಯ ಆ್ಯಪ್ ಅನ್ನು ಯಾವ ಗಿರಾಕಿ ಇಳಿಸಿಕೊಳ್ಳುತ್ತಾನೆಂದು ಅವರನ್ನು ಮೊದಲು ಕೇಳಬೇಕು.

ಹಳೆಯ ಗಿರಾಕಿಗಳ ಹೆಸರು ಮತ್ತು ಸಂಖ್ಯೆಯನ್ನು ಜಾಲತಾಣದ ಸಂದೇಶಪೆಟ್ಟಿಗೆಯಲ್ಲಿ ಮಾತ್ರ ಬಿಡದೆ, ಅವರ ಸಮ್ಮತಿ ಪಡೆದು ಸ್ವಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದೂ ಅಗತ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಿಂದ ಈ ಸಮ್ಮತಿ ಎಂಬುದು ಕೇವಲ ಮರ್ಯಾದೆಯ ಮಾತಲ್ಲ.

ಕೊನೆಯದಾಗಿ ವೆಬ್ ಹೆಸರಿನ ನೋಂದಣಿಯ ಬಗ್ಗೆ. ನನಗೆ ತಿಳಿದಿರುವ ಒಂದು ಅಂಗಡಿಯವರು ಎಲ್ಲವನ್ನೂ ಕಂಪ್ಯೂಟರ್ ಕೇಂದ್ರದ ಹುಡುಗನಿಗೆ ವಹಿಸಿದ್ದರು. ಆತ ತನ್ನ ಹೆಸರಿನಲ್ಲಿ, ತನ್ನ ಇ-ಮೇಲಿನಲ್ಲಿ ನೋಂದಾಯಿಸಿ, ಮರುವರ್ಷ ಬೆಂಗಳೂರಿಗೆ ಕೆಲಸಕ್ಕೆ ಹೋದ. ನವೀಕರಣದ ನೆನಪೋಲೆ ಅವನಿಗೆ ಹೋಯಿತು, ಅವಧಿ ಮುಗಿಯಿತು, ಹೆಸರನ್ನು ಬೇರಾರೋ ಕೊಂಡುಕೊಂಡರು. ಸಾವಿರ ಚೀಲಗಳ ಮೇಲೆ ಹಳೆಯ ವಿಳಾಸ ಅಚ್ಚಾಗಿತ್ತು. ನೋಂದಣಿ ಮಾಲೀಕರ ಹೆಸರಿನಲ್ಲಿಯೇ ಇರಬೇಕು, ಪಾಸ್‌ವರ್ಡ್ ಮಾಲೀಕರ ಬಳಿ ಇರಬೇಕು, ನವೀಕರಣದ ದಿನಾಂಕವನ್ನು ಜಿಎಸ್‌ಟಿ ರಿಟರ್ನಿನ ದಿನಾಂಕಗಳಿರುವ ಕ್ಯಾಲೆಂಡರಿನಲ್ಲಿಯೇ ಬರೆದು ಗಲ್ಲೆಯ ಹಿಂದೆ ತೂಗುಹಾಕಬೇಕು.